ಒಂದು ಕಾರ್ನಿಯಾ, ಇಬ್ಬರ ಕಣ್ಣು

2021ರ ಅಕ್ಟೋಬರ್ 30, ಶನಿವಾರ. ಹಿಂದಿನ ದಿನವಷ್ಟೇ ತೀರಿಕೊಂಡಿದ್ದ ನಟ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಸುತ್ತ ಜನಸಾಗರವೇ ನೆರೆದಿತ್ತು. ಅದೇ ದಿನ ಯಶವಂತಪುರದ ಪಕ್ಕದ ರಾಜಾಜಿನಗರದಲ್ಲಿ, ಕಾರ್ಡ್ ರಸ್ತೆಯ ನಾರಾಯಣ ನೇತ್ರಾಲಯದಲ್ಲಿ, ನಾಲ್ವರು ಯುವ ರೋಗಿಗಳಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ನಡೆಯಿತು. ಎಲ್ಲರೂ ಕರ್ನಾಟಕದವರು, ಕಾರ್ನಿಯಾ ಕಸಿಗೆ ಸರದಿಯಲ್ಲಿ ಕಾದಿದ್ದವರು. ಪುನೀತ್ ದಾನ ಕೊಟ್ಟದ್ದು ಎರಡು ಕಣ್ಣು. ದೃಷ್ಟಿ ಪಡೆದವರು ನಾಲ್ವರು.

ಎರಡು ದಿನ ಬಿಟ್ಟು ಆಸ್ಪತ್ರೆಯ ಸ್ಥಾಪಕ ಡಾ. ಕೆ. ಭುಜಂಗ ಶೆಟ್ಟಿ ಈ ವಿಷಯ ತಿಳಿಸಿದಾಗ ಓದಿದವರೆಲ್ಲ ಒಂದು ಕ್ಷಣ ಬೆರಗಾದರು. ಕಾರ್ನಿಯಾ ಕಸಿ ಎಂದರೆ ಕೆಟ್ಟ ಕಾರ್ನಿಯಾ ತೆಗೆದು ದಾನಿಯದನ್ನು ಕೂರಿಸುವುದು ಎಂದೇ ಹೆಚ್ಚಿನವರ ತಿಳಿವಳಿಕೆ. ಹಾಗಿದ್ದರೆ ಎರಡು ಕಣ್ಣಿಗೆ ಇಬ್ಬರೇ ಆಗಬೇಕು. ಇಲ್ಲಿ ಪ್ರತಿ ಕಾರ್ನಿಯಾವನ್ನೂ ಮುಂಭಾಗ, ಹಿಂಭಾಗ ಎಂದು ಎರಡು ಪದರವಾಗಿ ಬಿಡಿಸಿದ್ದರು. ಮುಂಭಾಗ ಕೆಟ್ಟಿದ್ದ ಇಬ್ಬರಿಗೆ ಮುಂದಿನ ಪದರ, ಹಿಂಭಾಗ ಕೆಟ್ಟಿದ್ದ ಇಬ್ಬರಿಗೆ ಹಿಂದಿನ ಪದರ. ಒಟ್ಟು ಅರ್ಧ ಮಿಲಿಮೀಟರ್ ದಪ್ಪದ ಅಂಗಾಂಶವನ್ನು ಹೀಗೆ ಬಿಡಿಸಲು ಸಾಧ್ಯವಾದದ್ದು ಕಳೆದ ಕಾಲು ಶತಮಾನದಲ್ಲಿ ನೇತ್ರವಿಜ್ಞಾನ ಕಂಡ ದೊಡ್ಡ ಬದಲಾವಣೆಯ ಫಲ.

ಅರ್ಧ ಮಿಲಿಮೀಟರಿನ ಒಳಗೆ

ಕಣ್ಣಿನ ಕರಿಗುಡ್ಡೆಯ ಮುಂದೆ ಬಾಗಿ ಕೂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಕಣ್ಣೊಳಗೆ ಬರುವ ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಒಳಗಿನ ಮಸೂರದ ಪಾಲು ಉಳಿದ ಒಂದು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕವನ್ನು ಅದು ಮುಖ್ಯವಾಗಿ ಕಣ್ಣೀರಿನ ಮೂಲಕ ಗಾಳಿಯಿಂದ ಪಡೆಯುತ್ತದೆ, ಪೋಷಕಾಂಶವನ್ನು ಹಿಂದಿರುವ ದ್ರವದಿಂದ ಪಡೆಯುತ್ತದೆ. ರಕ್ತದ ಸಂಪರ್ಕ ಇಲ್ಲದ್ದರಿಂದಲೇ ಬೇರೊಬ್ಬರ ಕಾರ್ನಿಯಾವನ್ನು ದೇಹ ಸುಲಭವಾಗಿ ಗುರುತಿಸಿ ಹೊರದಬ್ಬುವುದಿಲ್ಲ. ಮೂತ್ರಪಿಂಡ, ಯಕೃತ್ತುಗಳಂತೆ ಇಲ್ಲಿ ರಕ್ತದ ಗುಂಪು ಹೊಂದಿಸುವ ಗೋಜು ಸಾಮಾನ್ಯವಾಗಿ ಇರುವುದಿಲ್ಲ.

ಎಲ್ಲಕ್ಕಿಂತ ಹೊರಗಿರುವುದು ಎಪಿಥೀಲಿಯಂ. ಧೂಳು ಬಿದ್ದು ಗೀರಾದರೆ ಒಂದೆರಡು ದಿನದಲ್ಲಿ ಮತ್ತೆ ಬೆಳೆದುಕೊಳ್ಳುವ ಪದರ ಇದು. ಅದರ ಕೆಳಗೆ ಬೋಮನ್ ಪದರ. ಆಮೇಲೆ ಸ್ಟ್ರೋಮಾ. ಕಾರ್ನಿಯಾದ ದಪ್ಪದಲ್ಲಿ ಸುಮಾರು 90 ಶೇಕಡಾ ಇದೇ. ಕೊಲಾಜೆನ್ ಎಂಬ ಪ್ರೋಟೀನಿನ ಅತಿ ಸಣ್ಣ ಎಳೆಗಳು ಇಲ್ಲಿ ಒಂದೇ ಅಂತರದಲ್ಲಿ, ಹಾಳೆಯ ಮೇಲೆ ಹಾಳೆಯಾಗಿ ಜೋಡಣೆಗೊಂಡಿವೆ. ಈ ಅಂತರ ಕೆಡದಿರುವವರೆಗೆ ಬೆಳಕು ಚದುರದೆ ದಾಟುತ್ತದೆ. ಕೆಟ್ಟರೆ ಕಾರ್ನಿಯಾ ಬೆಳ್ಳಗಾಗುತ್ತದೆ. ಹಳ್ಳಿಗಳಲ್ಲಿ ಕಣ್ಣಿಗೆ ಹೂ ಬಿದ್ದಿದೆ ಎನ್ನುವುದು ಹೀಗೆ ಉಳಿದ ಬಿಳಿ ಕಲೆಗೇ.

ಸ್ಟ್ರೋಮಾದ ಹಿಂದೆ ಸುಮಾರು 10 ಮೈಕ್ರಾನ್ ದಪ್ಪದ ಡೆಸಿಮೆಟ್ ಪೊರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈ ಪೊರೆಯ ಒಳಮೈಗೆ ಅಂಟಿಕೊಂಡು ಜೀವಕೋಶಗಳ ಒಂದೇ ಒಂದು ಸಾಲು ಇದೆ. ಅದು ಎಂಡೋಥೀಲಿಯಂ. ಮಳೆಗಾಲದಲ್ಲಿ ಯಲಹಂಕದ ತಗ್ಗಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ನೀರು ಜಿನುಗುತ್ತಲೇ ಇರುವಾಗ ಮೋಟಾರು ಹಗಲಿರುಳು ಓಡಬೇಕಲ್ಲ, ಈ ಜೀವಕೋಶಗಳದೂ ಅದೇ ಪಾಡು. ಕಣ್ಣೊಳಗಿನ ದ್ರವ ಸ್ಟ್ರೋಮಾಕ್ಕೆ ನುಗ್ಗುತ್ತಲೇ ಇರುತ್ತದೆ, ಇವು ಅದನ್ನು ಹೊರಗೆ ಎತ್ತಿ ಹಾಕುತ್ತಲೇ ಇರುತ್ತವೆ.

ತೊಂದರೆ ಏನೆಂದರೆ, ಮನುಷ್ಯರಲ್ಲಿ ಈ ಜೀವಕೋಶಗಳು ಸತ್ತರೆ ಹೊಸದು ಹುಟ್ಟುವುದಿಲ್ಲ. ಹರೆಯದಲ್ಲಿ ಒಂದು ಚದರ ಮಿಲಿಮೀಟರಿಗೆ 2,500ರಿಂದ 3,000ದಷ್ಟು ಇರುವ ಇವು ವಯಸ್ಸಾದಂತೆ ನಿಧಾನವಾಗಿ ಕಡಿಮೆಯಾಗುತ್ತವೆ. ಒಂದು ಸತ್ತರೆ ಅಕ್ಕಪಕ್ಕದವು ಮೈಚಾಚಿ ಆ ಜಾಗ ತುಂಬಿಸುತ್ತವೆ. ಸಂಖ್ಯೆ 500ರ ಆಸುಪಾಸಿಗೆ ಇಳಿದರೆ ಚಾಚಿಕೊಳ್ಳಲೂ ಆಗದು. ಆಗ ಕಾರ್ನಿಯಾ ನೀರು ಕುಡಿದು ಊದುತ್ತದೆ.

ಯಾರಿಗೆ ಯಾವ ಪದರ ಕೆಡುತ್ತದೆ?

ಕಾಲೇಜಿಗೆ ಹೋಗುವ ಹುಡುಗನೊಬ್ಬನ ಕನ್ನಡಕದ ನಂಬರು ವರ್ಷ ವರ್ಷವೂ ಬದಲಾಗುತ್ತಿದೆ, ಹೊಸ ಕನ್ನಡಕ ಹಾಕಿದರೂ ಅಕ್ಷರಗಳಿಗೆ ನೆರಳು ಬಂದಂತೆ ಕಾಣುತ್ತದೆ ಎಂದುಕೊಳ್ಳಿ. ಇದು ಕೆರಟೋಕೋನಸ್ ಇರಬಹುದು. ಸ್ಟ್ರೋಮಾ ತೆಳುವಾಗಿ ಕಾರ್ನಿಯಾ ಮುಂದಕ್ಕೆ ಕೋನದಂತೆ ಉಬ್ಬುವ ಕಾಯಿಲೆ ಇದು. ಹದಿಹರೆಯದಲ್ಲಿ ಶುರುವಾಗಿ ಮೂವತ್ತರ ಹೊತ್ತಿಗೆ ಬಲಿಯುತ್ತದೆ. ಅಲರ್ಜಿಯಿಂದ ಕಣ್ಣು ತುರಿಸಿ, ಮತ್ತೆ ಮತ್ತೆ ಬಲವಾಗಿ ಉಜ್ಜುವವರಲ್ಲಿ ಇದರ ಅಪಾಯ ಹೆಚ್ಚು. ಹೆಬ್ಬಾಳದ ಮೇಲ್ಸೇತುವೆಯ ಧೂಳು, ಖಾಲಿ ಸೈಟುಗಳ ಪಾರ್ಥೇನಿಯಂ ಪರಾಗ ಅಲರ್ಜಿಯನ್ನು ಕೆದಕುವ ಊರಿನಲ್ಲಿ ಮಕ್ಕಳು ಕಣ್ಣುಜ್ಜುವುದನ್ನು ತಾಯ್ತಂದೆ ಹಗುರವಾಗಿ ನೋಡಬಾರದು. ಬೇಗ ಪತ್ತೆಯಾದರೆ ರೈಬೋಫ್ಲೇವಿನ್ ಹನಿ, ಅತಿನೇರಳೆ ಬೆಳಕು ಬಳಸಿ ಕೊಲಾಜೆನ್ ಎಳೆಗಳನ್ನು ಬಿಗಿಗೊಳಿಸುವ ಚಿಕಿತ್ಸೆ ಇದೆ. ತಡವಾದರೆ ಕಸಿ ಬೇಕಾಗಬಹುದು. ಈ ಹುಡುಗನ ಎಂಡೋಥೀಲಿಯಂ ಮಾತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಭತ್ತದ ಹೊಟ್ಟು, ಕಬ್ಬಿನ ಗರಿ ತಗುಲಿ ಶಿಲೀಂಧ್ರ ಹಿಡಿದು ಹುಣ್ಣಾದ ರೈತರ ಕಣ್ಣು, ದೀಪಾವಳಿಯ ಪಟಾಕಿಗೆ ಸಿಕ್ಕಿದ ಮಕ್ಕಳ ಕಣ್ಣು, ಎಲೆ-ಅಡಿಕೆಯ ಸುಣ್ಣದ ಪೊಟ್ಟಣ ಸಿಡಿದ ಕಣ್ಣು ಇವುಗಳಲ್ಲೂ ಗಾಯ ಆಳಕ್ಕೆ ಹೋಗದಿದ್ದರೆ ಕಲೆ ಮುಂಭಾಗದಲ್ಲೇ ಉಳಿಯುತ್ತದೆ.

ಇನ್ನೊಂದು ಗುಂಪಿನವರ ಕಷ್ಟ ಬೇರೆ. ಬೆಳಿಗ್ಗೆ ಎದ್ದಾಗ ಎಲ್ಲ ಮಂಜು ಮಂಜು, ಮಧ್ಯಾಹ್ನದ ಹೊತ್ತಿಗೆ ಒಂದಿಷ್ಟು ತಿಳಿಯಾಗುತ್ತದೆ ಎನ್ನುವ ಅರವತ್ತು ದಾಟಿದ ಹೆಂಗಸಿಗೆ ಫ್ಯೂಕ್ಸ್ ಡಿಸ್ಟ್ರೋಫಿ ಇರಬಹುದು. ವಿಯೆನ್ನಾದ ಅರ್ನ್‌ಸ್ಟ್ ಫ್ಯೂಕ್ಸ್ 1910ರಲ್ಲಿ ವಿವರಿಸಿದ ಕಾಯಿಲೆ ಇದು. ರಾತ್ರಿ ರೆಪ್ಪೆ ಮುಚ್ಚಿದ್ದಾಗ ಕಾರ್ನಿಯಾದ ನೀರು ಆವಿಯಾಗದೆ ಒಳಗೇ ಉಳಿಯುವುದರಿಂದ ಬೆಳಗಿನ ನೋಟ ಮಸುಕು. ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಶಸ್ತ್ರಚಿಕಿತ್ಸೆಯಲ್ಲಿ ಎಂಡೋಥೀಲಿಯಂಗೆ ಏಟು ಬಿದ್ದವರಿಗೂ ಇದೇ ಗತಿ. ರಕ್ತಸಂಬಂಧದಲ್ಲಿ ಮದುವೆ ಹೆಚ್ಚಿರುವ ದಕ್ಷಿಣ ಭಾರತದಲ್ಲಿ ಹುಟ್ಟುವಾಗಲೇ ಎಂಡೋಥೀಲಿಯಂ ಕೆಲಸ ಮಾಡದ ಮಕ್ಕಳನ್ನೂ ವೈದ್ಯರು ನೋಡುತ್ತಾರೆ. ಇವರೆಲ್ಲರಲ್ಲಿ ಸ್ಟ್ರೋಮಾ ಊದಿದೆಯೇ ಹೊರತು ಮೂಲದಲ್ಲಿ ಕೆಟ್ಟಿಲ್ಲ.

ಒಬ್ಬರಲ್ಲಿ ಕೆಟ್ಟದ್ದು ಇನ್ನೊಬ್ಬರಲ್ಲಿ ಚೆನ್ನಾಗಿದೆ. ಹಾಗಿದ್ದರೂ ನೂರು ವರ್ಷ ಇಬ್ಬರಿಗೂ ಒಂದೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು.

ಇಡಿಯಾಗಿ ಬದಲಿಸಿದ ಕಾಲ

1905ರ ಡಿಸೆಂಬರ್ 7ರಂದು, ಇಂದು ಚೆಕ್ ಗಣರಾಜ್ಯದಲ್ಲಿರುವ ಒಲೊಮೌಟ್ಸ್ ಊರಿನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಕೂಲಿ ಕಾರ್ಮಿಕನೊಬ್ಬನಿಗೆ ಕಾರ್ನಿಯಾ ಕಸಿ ಮಾಡಿದರು. ಸುಣ್ಣ ಬಿದ್ದು ಅವನ ಎರಡೂ ಕಣ್ಣು ಸುಟ್ಟಿದ್ದವು. ಗಾಯವಾಗಿ ಕಣ್ಣು ತೆಗೆಸಿಕೊಳ್ಳಬೇಕಾಗಿ ಬಂದ 11 ವರ್ಷದ ಬಾಲಕನ ಕಾರ್ನಿಯಾ ಅವನಿಗೆ ಸಿಕ್ಕಿತು. ಒಂದು ಕಣ್ಣಿನ ಕಸಿ ಹಿಡಿಯಿತು. ಮನುಷ್ಯರಲ್ಲಿ ಯಶಸ್ವಿಯಾದ ಮೊದಲ ಪೂರ್ಣ ಕಾರ್ನಿಯಾ ಕಸಿ ಅದು. 1930ರ ದಶಕದಲ್ಲಿ ಒಡೆಸ್ಸಾದ ವ್ಲಾದಿಮಿರ್ ಫಿಲಾತೊವ್ ಮೃತರ ಕಣ್ಣನ್ನು ಬಳಸುವ ದಾರಿಯನ್ನು ಗಟ್ಟಿಗೊಳಿಸಿದರು. ಭಾರತದ ಮೊದಲ ನೇತ್ರ ಬ್ಯಾಂಕ್ 1945ರಲ್ಲಿ ಮದರಾಸಿನಲ್ಲಿ ಶುರುವಾಯಿತು.

ಪೂರ್ಣ ಕಸಿಯಲ್ಲಿ ಕಾರ್ನಿಯಾದ ನಡುವಿನಿಂದ 7–8 ಮಿಲಿಮೀಟರ್ ಅಗಲದ ಬಿಲ್ಲೆಯನ್ನು ಆರಪಾರು ಕತ್ತರಿಸಿ ತೆಗೆದು, ದಾನಿಯ ಬಿಲ್ಲೆ ಇಟ್ಟು, ಕೂದಲಿಗಿಂತ ಸಪೂರವಾದ ನೈಲಾನ್ ದಾರದಲ್ಲಿ ಸಾಮಾನ್ಯವಾಗಿ 16 ಹೊಲಿಗೆ ಹಾಕುತ್ತಾರೆ. ಹಳೆಯದು ಹೋಗಿ ಹೊಸದು ಕೂರುವ ನಡುವಿನ ನಿಮಿಷಗಳಲ್ಲಿ ಕಣ್ಣು ಪೂರ್ತಿ ತೆರೆದೇ ಇರುತ್ತದೆ. ಆ ಹೊತ್ತಿನಲ್ಲಿ ಒಳಗೆ ರಕ್ತಸ್ರಾವವಾದರೆ ಕಣ್ಣೇ ಹೋಗಬಹುದು. ಹೊಲಿಗೆಗಳು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಇರಬೇಕು. ಅವುಗಳ ಎಳೆತಕ್ಕೆ ಕಾರ್ನಿಯಾದ ಬಾಗು ಏರುಪೇರಾಗಿ, ಕಸಿ ಸ್ವಚ್ಛವಾಗಿದ್ದರೂ ನೋಟ ಸೊಟ್ಟಗಾಗುತ್ತದೆ. ವರ್ಷಗಳ ನಂತರವೂ ಆ ಸುತ್ತು ಗಾಯಕ್ಕೆ ಮೊದಲಿನ ಗಟ್ಟಿತನ ಬರುವುದಿಲ್ಲ. ಒಂದು ಬಲವಾದ ಪೆಟ್ಟಿಗೆ ಬಿರಿಯಬಹುದು.

ಎಂಡೋಥೀಲಿಯಂನ ಒಂದು ಸಾಲು ಜೀವಕೋಶ ಸತ್ತದ್ದಕ್ಕೆ ಇಷ್ಟೆಲ್ಲ ಅಪಾಯ ಹೊರಬೇಕೆ? ನೆದರ್ಲೆಂಡ್ಸ್‌ನ ರಾಟರ್‌ಡ್ಯಾಂನ ಗೆರಿಟ್ ಮೆಲ್ಲೆಸ್ ಈ ಪ್ರಶ್ನೆಯನ್ನು ಬಿಡದೆ ಹಿಡಿದವರು. 1998ರಿಂದ ಒಂದಾದ ಮೇಲೊಂದು ಹೆಜ್ಜೆಯಾಗಿ ಅವರು ಹಿಂಭಾಗವನ್ನಷ್ಟೇ ಬದಲಿಸುವ ವಿಧಾನಗಳನ್ನು ರೂಪಿಸಿದರು. ಮುಂಭಾಗದ ಕಸಿಗೆ 2002ರಲ್ಲಿ ಮೊಹಮ್ಮದ್ ಅನ್ವರ್ ಮತ್ತು ಕ್ಲಾಸ್ ಟೈಕ್‌ಮನ್ ಹೊಸ ದಾರಿ ತೋರಿಸಿದರು.

ಗಾಳಿಯ ಗುಳ್ಳೆ, ನೀಲಿ ಸುರುಳಿ

ಮುಂಭಾಗದ ಕಸಿಯನ್ನು ವೈದ್ಯರು ಡಾಲ್ಕ್ ಎನ್ನುತ್ತಾರೆ. ಇದರ ಗುರಿ ಒಂದೇ: ರೋಗಿಯ ಸ್ವಂತ ಡೆಸಿಮೆಟ್ ಪೊರೆ ಮತ್ತು ಎಂಡೋಥೀಲಿಯಂ ಉಳಿಸಿ ಅದರ ಮುಂದಿನದನ್ನೆಲ್ಲ ತೆಗೆಯುವುದು. 10 ಮೈಕ್ರಾನ್ ಪೊರೆಯ ತನಕ ಕತ್ತಿಯಲ್ಲಿ ಕೆರೆಯುತ್ತ ಹೋಗುವುದು ಬಲು ಕಷ್ಟ. ಅನ್ವರ್ ಮತ್ತು ಟೈಕ್‌ಮನ್ ಆ ಕೆಲಸವನ್ನು ಗಾಳಿಗೆ ಒಪ್ಪಿಸಿದರು. ಶಸ್ತ್ರಚಿಕಿತ್ಸಕರು ಸಣ್ಣ ಸೂಜಿಯನ್ನು ಸ್ಟ್ರೋಮಾದ ಆಳಕ್ಕೆ ಜಾರಿಸಿ ಸಿರಿಂಜಿನ ದಂಡ ಒತ್ತುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಸ್ಟ್ರೋಮಾ ಮೊದಲು ಬೆಳ್ಳಗಾಗುತ್ತದೆ. ಕೈಗೆ ತಡೆ ಹತ್ತುತ್ತದೆ. ಇನ್ನಷ್ಟು ಒತ್ತಿದಾಗ ತಡೆ ತಟ್ಟನೆ ಸಡಿಲಿ, ದುಂಡನೆಯ ಗುಳ್ಳೆಯೊಂದು ನಡುವಿನಿಂದ ಅಂಚಿಗೆ ಹರಡುತ್ತದೆ. ಪೊರೆ ತಾನಾಗಿ ಕಳಚಿಕೊಂಡಿತೆಂದು ಅದರ ಅರ್ಥ. ಆಮೇಲೆ ಗುಳ್ಳೆಯ ಚಾವಣಿಯಾದ ಸ್ಟ್ರೋಮಾವನ್ನು ಕತ್ತರಿಸಿ ತೆಗೆದು ದಾನಿಯ ಸ್ಟ್ರೋಮಾ ಹೊಲಿಯುತ್ತಾರೆ. ಕಣ್ಣು ಎಲ್ಲಿಯೂ ಪೂರ್ತಿ ತೆರೆದಿರುವುದಿಲ್ಲ. ಎಂಡೋಥೀಲಿಯಂ ರೋಗಿಯದೇ ಆದ್ದರಿಂದ ಅದನ್ನು ದೇಹ ತಿರಸ್ಕರಿಸುವ ಪ್ರಶ್ನೆಯೇ ಬರದು. ಮುಂದೆ ಐವತ್ತು ವರ್ಷ ಬಾಳಬೇಕಾದ ಹುಡುಗನಿಗೆ ಇದು ದೊಡ್ಡ ರಕ್ಷಣೆ. ಗುಳ್ಳೆ ಒಡೆದು ಪೊರೆ ಹರಿದರೆ ಮಾತ್ರ ಪೂರ್ಣ ಕಸಿಗೇ ಹೊರಳಬೇಕಾಗುತ್ತದೆ.

ಹಿಂಭಾಗದ ಕಸಿಯಲ್ಲಿ ಎರಡು ವಿಧಾನ ಹೆಚ್ಚು ಬಳಕೆಯಲ್ಲಿವೆ. ಡಿಸೆಕ್‌ನಲ್ಲಿ ಎಂಡೋಥೀಲಿಯಂ ಜೊತೆಗೆ ಸ್ಟ್ರೋಮಾದ ತೆಳು ಹಾಳೆಯನ್ನೂ ಸೇರಿಸಿ ಕೂರಿಸುತ್ತಾರೆ. ಡಿಮೆಕ್‌ನಲ್ಲಿ ಡೆಸಿಮೆಟ್ ಪೊರೆ ಮತ್ತು ಎಂಡೋಥೀಲಿಯಂ ಎರಡೇ. ದಪ್ಪ ಸುಮಾರು 15 ಮೈಕ್ರಾನ್.

ದಾನಿಯ ಕಾರ್ನಿಯಾದಿಂದ ಸುಲಿದೊಡನೆ ಈ ಪೊರೆ ತನ್ನಷ್ಟಕ್ಕೇ ಸುರುಳಿ ಸುತ್ತಿಕೊಳ್ಳುತ್ತದೆ. ಪಾರದರ್ಶಕವಾದ್ದರಿಂದ ದ್ರವದಲ್ಲಿ ಬಿಟ್ಟರೆ ಕಾಣುವುದೇ ಇಲ್ಲ. ಅದಕ್ಕೇ ಟ್ರಿಪಾನ್ ಬ್ಲೂ ಬಣ್ಣ ಹಚ್ಚುತ್ತಾರೆ. ಮೂರು ಮಿಲಿಮೀಟರಿನಷ್ಟು ಸಣ್ಣ ಗಾಯದ ಮೂಲಕ ಗಾಜಿನ ಕೊಳವೆಯಿಂದ ನೀಲಿ ಸುರುಳಿ ಕಣ್ಣೊಳಗೆ ಇಳಿಯುತ್ತದೆ. ಇನ್ನು ಅದನ್ನು ಬಿಡಿಸಬೇಕು. ಚಿಮುಟ ಹಾಕುವಂತಿಲ್ಲ, ಮುಟ್ಟಿದಲ್ಲೆಲ್ಲ ಜೀವಕೋಶ ಸಾಯುತ್ತವೆ. ಕಾರ್ನಿಯಾದ ಮೇಲೆ ಹೊರಗಿನಿಂದ ಮೆಲ್ಲಗೆ ತಟ್ಟುತ್ತ, ಒಳಗಿನ ದ್ರವವನ್ನು ಅಲುಗಿಸಿಯೇ ಸುರುಳಿ ಬಿಚ್ಚಿಸುತ್ತಾರೆ. ತಲೆಕೆಳಗಾಗಿ ಕೂತರೆ ಕಸಿ ಕೆಲಸ ಮಾಡದು. ಆದ್ದರಿಂದ ಸುರುಳಿಯ ಅಂಚು ಯಾವ ಕಡೆ ಮಡಚಿದೆ ಎಂದು ಮತ್ತೆ ಮತ್ತೆ ನೋಡಿಕೊಳ್ಳಬೇಕು. ಸರಿಯಾಗಿ ಹರಡಿದ ಮೇಲೆ ಅದರ ಕೆಳಗೆ ಗಾಳಿಯ ಗುಳ್ಳೆ ಬಿಡುತ್ತಾರೆ. ಗುಳ್ಳೆ ಮೇಲಕ್ಕೆ ಒತ್ತುವುದರಿಂದ ಪೊರೆ ರೋಗಿಯ ಕಾರ್ನಿಯಾಕ್ಕೆ ಅಂಟಿಕೊಳ್ಳುತ್ತದೆ. ಕಸಿಗೆ ಹೊಲಿಗೆಯೇ ಬೇಡ. ರೋಗಿ ಮಾತ್ರ ಮೊದಲ ದಿನಗಳಲ್ಲಿ ಆದಷ್ಟು ಹೊತ್ತು ಅಂಗಾತ ಮಲಗಿ ಚಾವಣಿ ನೋಡುತ್ತಿರಬೇಕು. ಅಂಚು ಬಿಟ್ಟುಕೊಂಡರೆ ಮತ್ತೊಮ್ಮೆ ಗಾಳಿ ತುಂಬಬೇಕಾಗುತ್ತದೆ.

ಇಷ್ಟು ಕಷ್ಟಪಡುವುದಕ್ಕೆ ಫಲ ಇದೆ. ಪೂರ್ಣ ಕಸಿಯಲ್ಲಿ ನೋಟ ನೆಲೆಗೊಳ್ಳಲು ವರ್ಷ ಬೇಕಾದರೆ ಡಿಮೆಕ್‌ನಲ್ಲಿ ವಾರಗಳಲ್ಲಿ ತಿಳಿಯಾಗುತ್ತ ಬರುತ್ತದೆ. ಅಮೆರಿಕದ ಫ್ರಾನ್ಸಿಸ್ ಪ್ರೈಸ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಎರಡು ವರ್ಷದೊಳಗೆ ಕಸಿಯನ್ನು ದೇಹ ತಿರಸ್ಕರಿಸಲು ಹೊರಟ ಪ್ರಮಾಣ ಪೂರ್ಣ ಕಸಿಯಲ್ಲಿ 18 ಶೇಕಡಾ, ಡಿಸೆಕ್‌ನಲ್ಲಿ 12, ಡಿಮೆಕ್‌ನಲ್ಲಿ ಕೇವಲ 1.

ಎಸೆಯುತ್ತಿದ್ದ ಪದರ

ಡಾಲ್ಕ್ ಮಾಡುವಾಗ ದಾನಿಯ ಕಾರ್ನಿಯಾದಿಂದ ಎಂಡೋಥೀಲಿಯಂ ಸುಲಿದು ಎಸೆಯುತ್ತಾರೆ. ಹಿಂಭಾಗದ ಕಸಿಯಲ್ಲಿ ಮುಂದಿನ ಸ್ಟ್ರೋಮಾ ಬೇಡವಾಗುತ್ತದೆ. ಒಂದು ಕೊಠಡಿಯಲ್ಲಿ ಕಸದ ಬುಟ್ಟಿಗೆ ಹೋಗುವುದೇ ಪಕ್ಕದ ಕೊಠಡಿಯ ರೋಗಿಗೆ ಬೇಕಾದದ್ದು. ಇದನ್ನು ಭಾರತದ ವೈದ್ಯರು ಬೇಗ ಗುರುತಿಸಿದರು. ದೆಹಲಿಯ ಏಮ್ಸ್‌ನ ರಸಿಕ್ ವಾಜಪೇಯಿ, ನಮ್ರತಾ ಶರ್ಮಾ ಮತ್ತು ಸಂಗಡಿಗರು ಒಂದೇ ಕಾರ್ನಿಯಾವನ್ನು ಮೂವರಿಗೆ ಹಂಚಿದ ಪ್ರಯೋಗವನ್ನು 2007ರಲ್ಲಿ ಪ್ರಕಟಿಸಿದರು. ಮುಂದಿನ ಪದರ ಒಬ್ಬರಿಗೆ, ಹಿಂದಿನದು ಇನ್ನೊಬ್ಬರಿಗೆ. ಅಂಚಿನ ಲಿಂಬಸ್ ಎಂಬ ಉಂಗುರದಲ್ಲಿ ಹೊರಪದರವನ್ನು ಹುಟ್ಟಿಸುವ ಕಾಂಡಕೋಶಗಳಿವೆ. ಅದು ಮೂರನೆಯವರಿಗೆ ಹೋಯಿತು.

ಕನ್ನಡದ ಒಂದು ಮನೆತನದಲ್ಲೇ ಈ ಬದಲಾವಣೆಯನ್ನು ನೋಡಬಹುದು. ಪುನೀತ್ ಅವರ ತಂದೆ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ನಾರಾಯಣ ನೇತ್ರಾಲಯದಲ್ಲಿ 1994ರಲ್ಲಿ ಆರಂಭವಾದಾಗ ಅವರು ತಮ್ಮ ಇಡೀ ಕುಟುಂಬದ ಕಣ್ಣು ದಾನ ಮಾಡುವುದಾಗಿ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಊರೆಲ್ಲ ದುಃಖ, ಗಲಭೆಯಲ್ಲಿ ಮುಳುಗಿದ್ದರೂ ಆ ಮಾತು ನಡೆಯಿತು. ಒಂದು ಕಣ್ಣು ಒಬ್ಬರಿಗೆ ಎಂಬುದೇ ಆಗಿನ ರೂಢಿ. ಮೆಲ್ಲೆಸ್ ಡಿಮೆಕ್ ವಿಧಾನವನ್ನು ಜಗತ್ತಿಗೆ ತಿಳಿಸಿದ್ದೂ ಅದೇ 2006ರಲ್ಲಿ. 2017ರಲ್ಲಿ ರಾಜ್‌ಕುಮಾರ್ ಅವರ ಪತ್ನಿ ಪಾರ್ವತಮ್ಮನವರು ತೀರಿಕೊಂಡಾಗ ಅವರ ಕಣ್ಣೂ ದಾನವಾಯಿತು. 2021ರಲ್ಲಿ 46ರ ಹರೆಯದ ಮಗನ ಕಣ್ಣು ನಾಲ್ವರಿಗೆ ಹಂಚಿಕೆಯಾಯಿತು. ಕಸಿಗೆ ಬೇಡವಾದ ಲಿಂಬಸ್ ಅಂಚನ್ನೂ ಬಿಸಾಡದೆ ಕಾಂಡಕೋಶ ಸಂಶೋಧನೆಗೆ ಪ್ರಯೋಗಾಲಯಕ್ಕೆ ಕೊಟ್ಟರು. ಆ ವಾರಗಳಲ್ಲಿ ರಾಜ್ಯದ ಮೂಲೆಮೂಲೆಯಿಂದ ಯುವಕರು ನೇತ್ರದಾನಕ್ಕೆ ಹೆಸರು ಬರೆಸಿದರು.

ಎಲ್ಲ ಕಣ್ಣನ್ನೂ ಹೀಗೆ ಹಂಚಲಾಗದು. ದಾನಿಯ ಎಂಡೋಥೀಲಿಯಂ ಜೀವಕೋಶಗಳ ಎಣಿಕೆ ಸಾಕಷ್ಟಿರಬೇಕು. ಸ್ಟ್ರೋಮಾದಲ್ಲಿ ಕಲೆ ಇರಬಾರದು. ಮುಂಭಾಗ ಬೇಕಾದವರೂ ಹಿಂಭಾಗ ಬೇಕಾದವರೂ ಹತ್ತಿರದ ದಿನಗಳಲ್ಲೇ ಸಿದ್ಧರಿರಬೇಕು. ಬಿಡಿಸುವಾಗ ಹರಿದರೆ ಒಂದು ಪಾಲು ನಷ್ಟ. ಆಳದ ಹುಣ್ಣಿನಿಂದ ಎಲ್ಲ ಪದರವೂ ಕೆಟ್ಟವರಿಗೆ ಇಂದಿಗೂ ಪೂರ್ಣ ಕಸಿಯೇ ಗತಿ. ಯಾವ ಕಸಿಯಾದರೂ ಸ್ಟೀರಾಯ್ಡ್ ಹನಿಯನ್ನು ವೈದ್ಯರು ಹೇಳಿದಷ್ಟು ಕಾಲ ಬಿಡದೆ ಹಾಕಬೇಕು. ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ಚುಚ್ಚಿ, ನೋಟ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೇಗ ಹೋದರೆ ಕಸಿ ಉಳಿಸಿಕೊಳ್ಳಬಹುದು.

ಇನ್ನೂ ಮನುಷ್ಯರಿಂದಲೇ ಬರಬೇಕು

ನಾರಾಯಣ ನೇತ್ರಾಲಯ ಇರುವ ಕಾರ್ಡ್ ರಸ್ತೆಯಲ್ಲೇ ಬೀಳಗಿಯ ಡಾ. ಎಂ.ಸಿ. ಮೋದಿ ಅವರ ಹೆಸರಿನ ಕಣ್ಣಾಸ್ಪತ್ರೆಯೂ ಇದೆ. ಊರೂರಿನಲ್ಲಿ ಶಿಬಿರ ಹೂಡಿ ಲಕ್ಷಾಂತರ ಬಡವರ ಪೊರೆ ತೆಗೆದವರು ಮೋದಿ. ಪೊರೆಗೆ ಇಂದು ಕಾರ್ಖಾನೆಯಲ್ಲಿ ತಯಾರಾದ ಮಸೂರ ಸಿಗುತ್ತದೆ, ಬೇಕಾದಷ್ಟು ತರಿಸಬಹುದು. ಕಾರ್ನಿಯಾ ಹಾಗಲ್ಲ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವಕ್ಕೆ ಪೊರೆಯ ನಂತರದ ಕಾರಣ ಕಾರ್ನಿಯಾದ ಕಲೆ. 50ರ ಒಳಗಿನವರಲ್ಲಿ ಅದೇ ಮೊದಲ ಕಾರಣ.

ಪ್ರಯೋಗಾಲಯಗಳು ಕೈಕಟ್ಟಿ ಕೂತಿಲ್ಲ. ಜಪಾನಿನ ಕ್ಯೋಟೊದ ಶಿಗೆರು ಕಿನೊಶಿತಾ ತಂಡ ದಾನಿಯ ಎಂಡೋಥೀಲಿಯಂ ಜೀವಕೋಶಗಳನ್ನು ಹೊರಗೆ ಬೆಳೆಸಿ 11 ರೋಗಿಗಳ ಕಣ್ಣಿಗೆ ಚುಚ್ಚಿದ ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿತು. ಡಿಮೆಕ್ ರೋಗಿ ಅಂಗಾತ ಮಲಗಬೇಕಾದರೆ, ಇಲ್ಲಿ ಜೀವಕೋಶಗಳು ಕಾರ್ನಿಯಾದ ಮೇಲೆ ಕೂರಲೆಂದು ಮೂರು ಗಂಟೆ ಬೋರಲಾಗಿ ಮಲಗಬೇಕು. 2023ರಲ್ಲಿ ಜಪಾನ್ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಒಬ್ಬ ದಾನಿಯಿಂದ ಹಲವಾರು ಜನರಿಗೆ ಚಿಕಿತ್ಸೆ ಸಾಧ್ಯ. ಅಲ್ಲಿಯೂ ಮೊದಲ ಜೀವಕೋಶ ದಾನಿಯದೇ.

ದಾನದ ಹೊತ್ತು ಬಂದಾಗ ಮನೆಯವರಿಗೆ ಇರುವ ಸಮಯ ಕಡಿಮೆ. ಸಾವಾದ ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ಆರ್.ಟಿ. ನಗರದ ಮನೆಯಿರಲಿ, ಯಲಹಂಕದಾಚೆಯ ಹಳ್ಳಿಯಿರಲಿ, ತರಬೇತಿ ಪಡೆದ ತಂಡ ಬರುವ ತನಕ ಮಾಡಬೇಕಾದದ್ದು ಇಷ್ಟೆ: ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡುವುದು, ಫ್ಯಾನ್ ಆರಿಸುವುದು, ತಲೆದಿಂಬಿಟ್ಟು ತಲೆ ತುಸು ಎತ್ತರಿಸುವುದು. ತಂಡದವರ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ. ಸ್ವಲ್ಪ ರಕ್ತವನ್ನೂ ಪರೀಕ್ಷೆಗೆ ಒಯ್ಯುತ್ತಾರೆ. ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ, ಪೊರೆಯ ಶಸ್ತ್ರಚಿಕಿತ್ಸೆ ಯಾವುದೂ ಅಡ್ಡಿಯಲ್ಲ. ರೇಬೀಸ್, ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕಿದ್ದರೆ ಮಾತ್ರ ಕಸಿಗೆ ಬಳಸುವುದಿಲ್ಲ. ದಾನಕ್ಕೆ ಹೆಸರು ಬರೆಸಿದ ಕಾರ್ಡು ಇದ್ದರೂ ಆ ಗಳಿಗೆಯಲ್ಲಿ ಒಪ್ಪಿ ನೇತ್ರ ಬ್ಯಾಂಕಿಗೆ ಫೋನು ಮಾಡಬೇಕಾದವರು ಹತ್ತಿರದ ಬಂಧುಗಳೇ. ಹೆಸರು ಬರೆಸದೆ ತೀರಿಕೊಂಡವರ ಕಣ್ಣನ್ನೂ ಅವರು ಒಪ್ಪಿದರೆ ಕೊಡಬಹುದು. ಹಾಗಾಗಿ ನೇತ್ರದಾನದ ಮಾತನ್ನು ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ ಆಡಿ, ನೇತ್ರ ಬ್ಯಾಂಕಿನ ನಂಬರನ್ನು ಒಬ್ಬಿಬ್ಬರ ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಳ್ಳಬೇಕು.